ಹಾಕಿದ ಟೈಲ್ಸ್ ಮತ್ತೆ ಕೀಳಿಸುವುದು ನಿಂತದ್ದು ಹೀಗೆ

ಮೂರಂತಸ್ತಿನ ಕಚೇರಿ ಕಟ್ಟಡದ ಕೆಲಸ. ಸಮಸ್ಯೆ ಇಷ್ಟೇ: ಒಪ್ಪಿಗೆಯಾದದ್ದು ಹದಿನೈದು ದಿನಕ್ಕೆ ಬದಲಾಗುತ್ತಿತ್ತು. ಎರಡನೇ ಮಹಡಿಯ ಟೈಲ್ಸ್ ಎರಡು ಸಲ ಕಿತ್ತೆವು. ಮಾಲೀಕರು ‘ನನಗೆ ಯಾರೂ ಹೇಳಲೇ ಇಲ್ಲ’ ಅನ್ನೋರು, ಆರ್ಕಿಟೆಕ್ಟ್ ‘ಗ್ರೂಪಿನಲ್ಲಿ ಹಾಕಿದ್ದೆನಲ್ಲ’ ಅನ್ನೋರು.

ದಿನಾ ವಾಟ್ಸಾಪ್‌ಗೆ ಫೋಟೊ ಸುರಿದೆ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಮುಳುಗಿಹೋದವು. 14 ಪುಟದ ವಾರದ ವರದಿಯನ್ನು ಯಾರೂ ತೆರೆಯಲಿಲ್ಲ. ಸೋಮವಾರದ ಮೀಟಿಂಗಿಗೆ ಇನ್ನೂ ನಾಲ್ವರನ್ನು ಸೇರಿಸಿದ್ದಂತೂ ಶುದ್ಧ ತಪ್ಪು.

ಕೆಲಸಕ್ಕೆ ಬಂದದ್ದು ಈ ಕ್ರಮ. ಮೊದಲು, ಯಾವ ವಿಷಯಕ್ಕೆ ಯಾರ ಮಾತು ಕೊನೆ ಎಂದು ಬರೆದು ಎಲ್ಲರ ಸಹಿ ಹಾಕಿಸಿದೆ. ಒಂದು ವಿಷಯಕ್ಕೆ ಒಂದೇ ಹೆಸರು. ಎರಡಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಗ್ರೂಪಿನ ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಬದಲಿಸಿದೆ. ಶುಕ್ರವಾರ ಸಂಜೆ 4ಕ್ಕೆ ಒಂದೇ ಪುಟದ ಇಮೇಲ್. ಮೊದಲ ಸಾಲಲ್ಲಿ ಪ್ರಗತಿಯಲ್ಲ, ಬೇಕಾದ ತೀರ್ಮಾನ:

‘ಮೆಟ್ಟಿಲಿನ ಗ್ರಾನೈಟ್ ಕಪ್ಪೋ ಬೂದೋ? ಮಾಲೀಕರು, ಬುಧವಾರ ಸಂಜೆ 5ರೊಳಗೆ. ತಡವಾದರೆ ರೇಲಿಂಗ್ ಕೆಲಸ 6 ದಿನ ಮುಂದಕ್ಕೆ ಹೋಗುತ್ತದೆ.’

ಅದರ ಕೆಳಗೆ ಬದಲಾದ ಖರ್ಚು, ಕೊನೆಗೆ ಮೂರೇ ಫೋಟೊ.

ಖರ್ಚು ಏರುವ ಸುದ್ದಿಯಿದ್ದರೆ ಇಮೇಲಿಗೆ ಮುಂಚೆ ಮಾಲೀಕರಿಗೆ ಫೋನ್. ಹತ್ತು ಜನರ ಜೊತೆ ಒಟ್ಟಿಗೆ ಓದಿದರೆ ಅವರು ಬೇಡ ಅಂದೇ ಶುರು ಮಾಡೋದು. ಸೈಟಿನಲ್ಲಿ ಬಾಯಿಮಾತಿನಲ್ಲಾದ ಬದಲಾವಣೆಯನ್ನು ಅವತ್ತೇ ಎರಡು ಸಾಲಲ್ಲಿ ಬರೆದು ಕಳಿಸುತ್ತೇನೆ. ಪಟ್ಟಿಯಲ್ಲಿರುವವರಿಂದ ‘ಸರಿ’ ಬರುವವರೆಗೆ ಮೇಸ್ತ್ರಿಗೆ ಹೇಳುವುದಿಲ್ಲ. ಮೂರನೇ ಮಹಡಿಯ ಟೈಲ್ಸ್ ಒಂದೇ ಸಲಕ್ಕೆ ಕೂತಿತು.