ಇಗ್ವಾನೊಡಾನ್ ಹಿಂದೆ ಹೋದ ನಮ್ಮ ಯುರೋಪ್ ಟ್ರಿಪ್

ಮಗಳಿಗೆ ಒಂಬತ್ತು ವರ್ಷ, ಡೈನೋಸಾರ್ ಅಂದ್ರೆ ಊಟ ನಿದ್ದೆ ಬಿಡ್ತಾಳೆ. ಎರಡು ವರ್ಷ ದುಡ್ಡು ಕೂಡಿಟ್ಟು ಮೇ ತಿಂಗಳಲ್ಲಿ ಹದಿಮೂರು ದಿನ ಹೋಗಿಬಂದ್ವಿ, ನಾನು, ಅವಳು, ನಮ್ಮಪ್ಪ. ಅಪ್ಪ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚೋವರೆಗೂ ಅಂಡರ್‌ಗ್ರೌಂಡ್ ಕೆಲಸ ಮಾಡ್ದವರು. ಈಗ ಎಪ್ಪತ್ತೆರಡು, ಮಂಡಿನೋವು. ಅವರನ್ನ ಕರ್ಕೊಂಡು ಹೋಗ್ತೀನಿ ಅಂದಾಗ ಎಲ್ರೂ ಬೇಡ ಅಂದ್ರು, ಆದ್ರೆ ಇಡೀ ಟ್ರಿಪ್ ಅರ್ಥ ಆಗಿದ್ದೇ ಅವರಿಂದ, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ನಾನು ಬರ್ದಿದ್ದ ಪ್ಲಾನ್‌ನಲ್ಲಿ ಒಂಬತ್ತು ಮ್ಯೂಸಿಯಂ, ಐದು ದೇಶ ಇತ್ತು. ಮಗಳು ಅದನ್ನ ನೋಡಿ ಒಂದೇ ಪ್ರಶ್ನೆ ಕೇಳಿದ್ಳು, "ಅಮ್ಮಾ, ಅಲ್ಲಿರೋದು ನಿಜವಾದ ಮೂಳೆನಾ, ಇಲ್ಲ ಅಚ್ಚು ಹಾಕಿರೋದಾ?" ಹುಡುಕ್ತಾ ಕೂತೆ. ಡಿಪ್ಲೊಡೋಕಸ್ ಅನ್ನೋ ಡೈನೋಸಾರ್ ಇದ್ಯಲ್ಲ, ಅದರ ಅಚ್ಚುಗಳನ್ನ ಆಂಡ್ರ್ಯೂ ಕಾರ್ನೆಗಿ ಅನ್ನೋ ಅಮೆರಿಕದ ಶ್ರೀಮಂತ 1905ರಲ್ಲಿ ಲಂಡನ್‌ಗೆ ಕೊಟ್ಟ, ಆಮೇಲೆ ಬರ್ಲಿನ್, ಪ್ಯಾರಿಸ್, ವಿಯೆನ್ನಾ ಅಂತ ಹಂಚ್ತಾ ಹೋದ. ಊರೂರಲ್ಲೂ ಒಂದೇ ಪ್ರಾಣಿಯ ಅಚ್ಚು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಆವತ್ತೇ ಪ್ಲಾನ್ ಹರಿದುಹಾಕಿ ಹೊಸದು ಶುರು ಮಾಡಿದ್ವಿ: ಅಸಲಿ ಮೂಳೆ ಇರೋ ಕಡೆ ಮಾತ್ರ ಹೋಗೋದು, ದಿನಕ್ಕೆ ಒಂದೇ ಮ್ಯೂಸಿಯಂ, ಮತ್ತೆ ಇಗ್ವಾನೊಡಾನ್ ಅನ್ನೋ ಡೈನೋಸಾರ್ ಕಥೆ ಎಲ್ಲೆಲ್ಲಿ ನಡೀತೋ ಅದೇ ಕ್ರಮದಲ್ಲಿ ಊರು. ಪ್ಯಾರಿಸ್ ಬಿಟ್ಟಿದ್ದಕ್ಕೆ ನೆಂಟರೆಲ್ಲ ಬೈದ್ರು. 1898ರಿಂದ ಇರೋ ಅಲ್ಲಿನ ಫಾಸಿಲ್ ಗ್ಯಾಲರಿ ಬಿಟ್ಟಿದ್ದಕ್ಕೆ ನನಗೂ ಬೇಜಾರಿದೆ, ಐಫೆಲ್ ಟವರ್ ಬಿಟ್ಟಿದ್ದಕ್ಕೆ ಇಲ್ಲ.

ವೀಸಾ ವಿಷಯ ಬೇಗ ಹೇಳಿಬಿಡ್ತೀನಿ. ಬ್ರಿಟನ್‌ಗೆ ಬೇರೆ ವೀಸಾ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು ಷೆಂಗೆನ್‌ಗೆ ಬೇರೆ. ಲಂಡನ್ ಮೊದಲು ಮುಗಿಸ್ಕೊಂಡ್ರೆ ಷೆಂಗೆನ್ ಒಳಗೆ ಒಂದೇ ಸಲ ಹೋಗಿ ಅಲ್ಲಿಂದಾನೇ ವಾಪಸ್ ಬರಬಹುದು, ಸಿಂಗಲ್ ಎಂಟ್ರಿ ಸಾಕು. ಜಾಸ್ತಿ ರಾತ್ರಿ ಯಾವ ದೇಶದಲ್ಲಿ ಇರ್ತೀರೋ ಅಲ್ಲಿಗೇ ಅಪ್ಲೈ ಮಾಡ್ಬೇಕು, ನಮ್ಮದು ಬರ್ಲಿನ್ ನಾಲ್ಕು ರಾತ್ರಿ ಇದ್ದಿದ್ರಿಂದ ಜರ್ಮನಿ. 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕಡ್ಡಾಯ, ಅಪ್ಪನ ವಯಸ್ಸಿಗೆ ಅದರ ಪ್ರೀಮಿಯಂ ನಮ್ಮಿಬ್ಬರದು ಸೇರಿಸಿದ್ರೂ ಅದಕ್ಕಿಂತ ಜಾಸ್ತಿ ಬಂತು, ಆ ಬಜೆಟ್ ಮೊದಲೇ ಇಟ್ಕೊಳ್ಳಿ.

ನಿಜವಾದ ತಲೆನೋವು ರಜಾ ದಿನಗಳದ್ದು. ಬ್ರಸೆಲ್ಸ್, ಬರ್ಲಿನ್ ಎರಡೂ ಕಡೆ ಮ್ಯೂಸಿಯಂ ಸೋಮವಾರ ಇರಲ್ಲ, ಪ್ಯಾರಿಸ್‌ದು ಮಂಗಳವಾರ. ನಾನು ಬರ್ಲಿನ್ ಮ್ಯೂಸಿಯಂನ ಸೋಮವಾರಕ್ಕೇ ಹಾಕಿದ್ದೆ, ಟ್ರೈನ್ ಬುಕ್ ಮಾಡೋ ಹಿಂದಿನ ರಾತ್ರಿ ಕಣ್ಣಿಗೆ ಬಿತ್ತು. ಎಲ್ಲಾ ಜರುಗಿಸಿ ಸೋಮವಾರಕ್ಕೆ ನೆದರ್‌ಲ್ಯಾಂಡ್ಸ್‌ನ ಲೈಡನ್ ಇಟ್ಟೆ, ಅಲ್ಲಿನ ನ್ಯಾಚುರಾಲಿಸ್ ಮ್ಯೂಸಿಯಂ ಅವತ್ತೂ ತೆರೆದಿರುತ್ತೆ. ಮೇ 1 ಕೂಡ ತಪ್ಪಿಸಿ. ಮೇ ಕೊನೇಲಿ ಇಂಗ್ಲೆಂಡಲ್ಲಿ ಸ್ಕೂಲಿಗೆ ಒಂದು ವಾರ ರಜ, ಆಗ ಹೋದ್ರೆ ಜನಜಂಗುಳಿ.

ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಫ್ರೀ, ಆದ್ರೂ ಟೈಮ್ ಸ್ಲಾಟ್ ಬುಕ್ ಮಾಡ್ಕೊಂಡು ಹೋಗಿ. ನಾವು ಎಕ್ಸಿಬಿಷನ್ ರೋಡ್ ಕಡೆಯ ಬಾಗಿಲಿಂದ ಹೋದ್ವಿ, ಒಳಗೆ ಕಾಲಿಟ್ಟ ತಕ್ಷಣ ಸೋಫಿ ಅನ್ನೋ ಸ್ಟೆಗೊಸಾರಸ್ ಡೈನೋಸಾರ್, ಅಸಲಿ ಮೂಳೆ. ಆದ್ರೆ ನಾವು ಬಂದಿದ್ದು ಹಲ್ಲು ನೋಡೋಕೆ. ಗಿಡಿಯನ್ ಮ್ಯಾಂಟೆಲ್ ಅನ್ನೋ ಹಳ್ಳಿ ಕಡೆಯ ಡಾಕ್ಟರ್ 1820ರ ದಶಕದಲ್ಲಿ ಸಸೆಕ್ಸ್‌ನಲ್ಲಿ ಸಿಕ್ಕ ಹಲ್ಲುಗಳನ್ನ ಇಟ್ಕೊಂಡು ದೊಡ್ಡ ದೊಡ್ಡವರ ಹತ್ರ ಅಲೆದ, ಖಡ್ಗಮೃಗದ್ದು, ಮೀನಿಂದು ಅಂತೆಲ್ಲ ಅಂದ್ರು, ಕೊನೆಗೆ ಇಗ್ವಾನಾ ಹಲ್ಲಿಯ ಹಲ್ಲಿನ ಥರ ಇದೆ ಅಂತ 1825ರಲ್ಲಿ ಇಗ್ವಾನೊಡಾನ್ ಅಂತ ಹೆಸರಿಟ್ಟ. ಡೈನೋಸಾರ್ ಅನ್ನೋ ಪದ ಹುಟ್ಟೋಕೆ ಇನ್ನೂ 17 ವರ್ಷ ಇತ್ತು. ಹೆಬ್ಬೆರಳಷ್ಟು ಇರೋ ಹಲ್ಲಿನ ಮುಂದೆ ಮಗಳು ಎಷ್ಟೊತ್ತು ನಿಂತಿದ್ಳೋ.

ಮಾರನೇ ದಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕ್. ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ, ಬಿಡಬೇಡಿ. 1854ರಲ್ಲಿ ವಾಟರ್‌ಹೌಸ್ ಹಾಕಿನ್ಸ್ ಅನ್ನೋ ಶಿಲ್ಪಿ ಮಾಡಿದ ಡೈನೋಸಾರ್ ಪ್ರತಿಮೆಗಳು ಕೆರೆ ಪಕ್ಕ ಇನ್ನೂ ನಿಂತಿವೆ. ಅಲ್ಲಿ ಇಗ್ವಾನೊಡಾನ್ ದಪ್ಪ ಖಡ್ಗಮೃಗದ ಥರ ನಾಲ್ಕು ಕಾಲ ಮೇಲೆ ಇದೆ, ಮೂಗಿನ ಮೇಲೆ ಒಂದು ಕೊಂಬು. ಮಗಳು ಅದನ್ನ ನೋಟ್‌ಬುಕ್‌ನಲ್ಲಿ ಬರ್ಕೊಂಡು, ಕೊಂಬಿಗೆ ಸುತ್ತು ಹಾಕಿ ಪಕ್ಕದಲ್ಲಿ "ಬ್ರಸೆಲ್ಸ್‌ನಲ್ಲಿ ನೋಡಬೇಕು" ಅಂತ ಬರೆದ್ಳು.

ಲಂಡನ್‌ನಿಂದ ಬ್ರಸೆಲ್ಸ್‌ಗೆ ಯೂರೋಸ್ಟಾರ್ ಟ್ರೈನ್‌ನಲ್ಲಿ ಎರಡು ಗಂಟೆ, ಷೆಂಗೆನ್ ಪಾಸ್‌ಪೋರ್ಟ್ ಚೆಕ್ ಲಂಡನ್ ಸ್ಟೇಷನ್‌ನಲ್ಲೇ ಆಗೋಗುತ್ತೆ, ಅದಕ್ಕೇ ಬೇಗ ಹೋಗ್ಬೇಕು.

ಬ್ರಸೆಲ್ಸ್ ಮ್ಯೂಸಿಯಂನಲ್ಲಿ ದೊಡ್ಡ ಗಾಜಿನ ಮನೆ ಒಳಗೆ ಇಗ್ವಾನೊಡಾನ್‌ಗಳ ಹಿಂಡೇ ನಿಂತಿದೆ, ಎಲ್ಲಾ ಅಸಲಿ. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಅನ್ನೋ ಊರಿನ ಕಲ್ಲಿದ್ದಲು ಗಣಿಯಲ್ಲಿ 322 ಮೀಟರ್ ಆಳದಲ್ಲಿ ಕೆಲಸದವರಿಗೆ ಸಿಕ್ಕಿದ್ದು. ಮೊದಲು ಅವರು ಇದು ಮರದ ಕಾಂಡ, ಒಳಗೆ ಚಿನ್ನ ತುಂಬಿದೆ ಅಂದ್ಕೊಂಡ್ರಂತೆ. ಅದು ಪೈರೈಟ್ ಅನ್ನೋ ಖನಿಜ, ನೋಡೋಕೆ ಚಿನ್ನದ ಥರಾನೇ ಹೊಳೆಯುತ್ತೆ. ನಾನು ಇದನ್ನ ಅಪ್ಪಂಗೆ ಕನ್ನಡದಲ್ಲಿ ಹೇಳ್ತಿದ್ದೆ, ಅಪ್ಪ ಅಲ್ಲೇ ಬೆಂಚ್ ಮೇಲೆ ಕೂತುಬಿಟ್ರು. "ನಮ್ ಗಣೀಲೂ ಹೊಸ ಹುಡುಗರು ಪೈರೈಟ್ ನೋಡಿ ಕೂಗೋರಮ್ಮ" ಅಂದ್ರು. ಆಮೇಲೆ, "322 ಮೀಟರಾ? ನಾವು ಅದನ್ನ ದಾಟಿ ಎಷ್ಟೋ ಕೆಳಗೆ ಹೋಗ್ತಿದ್ವಿ." ಕೇಜ್ ಅನ್ನೋ ಗಣಿ ಲಿಫ್ಟ್‌ನಲ್ಲಿ ಇಳಿಯೋದು, ಕೆಳಗಿನ ಬಿಸಿ, ಬಂಡೆ ಸಿಡಿಯೋ ಸದ್ದು, ನಾನು ಹುಟ್ಟಿದಾಗಿನಿಂದ ಕೇಳಿರದ ಎಷ್ಟೋ ವಿಷಯ ಆ ಮೂಳೆಗಳ ಮುಂದೆ ಕೂತು ಮೊಮ್ಮಗಳಿಗೆ ಹೇಳಿದ್ರು.

ಆ ಪೈರೈಟೇ ಮೂಳೆಗಳಿಗೆ ಶತ್ರು ಕೂಡ. ಗಾಳಿ ತೇವ ತಗುಲಿದ್ರೆ ಅದು ಕೊಳೆತು ಮೂಳೆ ಪುಡಿ ಆಗುತ್ತೆ, ಅದಕ್ಕೇ ಗಾಜಿನ ಮನೆ. ಲೂಯಿ ಡೊಲ್ಲೊ ಅನ್ನೋ ವಿಜ್ಞಾನಿ ಇವನ್ನ ಕಾಂಗರೂ ಥರ ನೆಟ್ಟಗೆ ನಿಲ್ಲಿಸಿದ್ರು. ಬೆನ್ನು ಬಾಲ ಎರಡೂ ನೆಲಕ್ಕೆ ಸಮನಾಗಿ ಇಟ್ಕೊಂಡು ಓಡಾಡ್ತಿತ್ತು ಅಂತ ಈಗ ಗೊತ್ತು, ಆದ್ರೆ ಮೂಳೆ ಅಷ್ಟು ನಾಜೂಕು, ಬಿಚ್ಚಿ ಮತ್ತೆ ಜೋಡಿಸೋ ಹಾಗಿಲ್ಲ, ಹಾಗೇ ಬಿಟ್ಟಿದ್ದಾರೆ. ಮಗಳು ಮೊದಲು ನೋಡಿದ್ದು ಕೈ. ಮೂಗಿನ ಕೊಂಬು ಅಂದ್ಕೊಂಡಿದ್ದು ಹೆಬ್ಬೆರಳಿನ ಮೊನೆ! ಇಡೀ ಅಸ್ಥಿಪಂಜರ ಸಿಕ್ಕಿದ್ಮೇಲೇ ಅದು ಸರಿಯಾಗಿ ಗೊತ್ತಾಗಿದ್ದು. ನೋಟ್‌ಬುಕ್ ತೆಗೆದು ಕೊಂಬಿಂದ ಕೈಗೆ ಉದ್ದಕ್ಕೆ ಬಾಣ ಎಳೆದ್ಳು. ಒಂದು ದಿನ ಅಂತ ಇಟ್ಟಿದ್ದು, ಮಾರನೇ ದಿನಾನೂ ಅಲ್ಲಿಗೇ ಹೋದ್ವಿ.

ಲೈಡನ್‌ನಲ್ಲಿ ಟ್ರಿಕ್ಸ್ ಅನ್ನೋ ಟಿ ರೆಕ್ಸ್, 2013ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಅಗೆದಿದ್ದು. ತಲೆ ತಗ್ಗಿಸಿ ನಿಲ್ಲಿಸಿರೋದ್ರಿಂದ ಹಲ್ಲುಗಳು ಮಕ್ಕಳ ಕಣ್ಣಿಗೆ ಹತ್ರಾನೇ ಸಿಗುತ್ತೆ. ಅರ್ಧ ದಿನ ಸಾಕು.

ಬರ್ಲಿನ್‌ನ ಜಿರಾಫಟೈಟನ್ ಅನ್ನೋ ಡೈನೋಸಾರ್ 13.27 ಮೀಟರ್ ಎತ್ತರ, ಕತ್ತೆತ್ತಿ ನೋಡಿ ನೋಡಿ ಅಪ್ಪಂಗೆ ಕುತ್ತಿಗೆ ಹಿಡ್ಕೊಳ್ತು. 1909ರಿಂದ 1913ರವರೆಗೆ ಈಗಿನ ತಾಂಜಾನಿಯಾದ ತೆಂಡಗುರುವಿನಲ್ಲಿ ಅಗೆದಿದ್ದು, ಆಗ ಅದು ಜರ್ಮನಿಯ ವಸಾಹತು. "ಅಗೆದವರು ಯಾರು? ಹೊತ್ತವರು ಯಾರು?" ಅಂತ ಅಪ್ಪ ಕೇಳಿದ್ರು. ಅಲ್ಲಿನ ಕೂಲಿಗಳು ನೂರಾರು ಜನ, ಮೂಳೆಗಳನ್ನ ದಿನಗಟ್ಟಲೆ ನಡ್ಕೊಂಡು ಲಿಂಡಿ ಬಂದರಿಗೆ ಹೊತ್ತು ತಂದಿದ್ದು. ಆ ಮೂಳೆ ಎತ್ತರಕ್ಕಿಂತ ಅಪ್ಪ ಆ ಕೂಲಿಗಳ ವಿಷಯಾನೇ ರೂಮಿಗೆ ವಾಪಸ್ ಬರೋವರೆಗೂ ಮಾತಾಡಿದ್ರು. ಅಲ್ಲೇ ಕತ್ತಲೆ ಕೋಣೆಯಲ್ಲಿ ಗರಿಗಳ ಗುರುತಿರೋ ಆರ್ಕಿಯೊಪ್ಟೆರಿಕ್ಸ್ ಅನ್ನೋ ಪ್ರಾಚೀನ ಹಕ್ಕಿಯ ಫಾಸಿಲ್ ಇದೆ, ಅಸಲಿದೇ, ಅದನ್ನ ಕೊನೆಗೆ ಇಟ್ಕೊಳ್ಳಿ.

ವಯಸ್ಸಾದವರು ಜೊತೆಗಿದ್ರೆ ಮೂರು ಗಂಟೆಗಿಂತ ಜಾಸ್ತಿ ಇರಬೇಡಿ. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ನಾವು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ದಿದ್ವಿ, ರೂಮಲ್ಲಿ ಅಡುಗೆ ಒಲೆ ಇರೋ ಕಡೇನೇ ತಗೊಂಡ್ವಿ. ಮುಂದಿನ ಸಲಕ್ಕೆ ಪ್ಯಾರಿಸ್, ಫ್ರಾಂಕ್‌ಫರ್ಟ್, ಪಕ್ಕದಲ್ಲಿ ಫಾಸಿಲ್ ಸಿಗೋ ಮೆಸ್ಸೆಲ್ ಗುಂಡಿ ಅಂತ ಮಗಳು ಬರೆದಿಟ್ಟಿದ್ದಾಳೆ, ಅಪ್ಪ ಅದರ ಕೆಳಗೆ ಬೆರ್ನಿಸಾರ್ ಅಂತ ಸೇರಿಸಿದ್ದಾರೆ.