ಹೊಲಿಸಿಕೊಳ್ಳೋದಾ, ತೆಗೆದಿಡೋದಾ? ವಿಗ್, ವೀವ್ ಮತ್ತು ನನ್ನ ಗುಂಗುರು ಕೂದಲು

ನನ್ನ ಎಡಗಿವಿಯ ಮೇಲೆ, ಹಣೆಯ ಅಂಚಿನಲ್ಲಿ, ಎರಡು ಬೆರಳಗಲದ ಜಾಗ ಇದೆ. ಅಲ್ಲಿ ಕೂದಲು ಇವತ್ತಿಗೂ ತೆಳು. 2017ರಲ್ಲಿ ಮಾಡಿಸಿಕೊಂಡ ವೀವ್‌ನಿಂದ, ಅಂದರೆ ಸ್ವಂತ ಕೂದಲಿನ ಮೇಲೆ ಬೇರೆ ಕೂದಲನ್ನು ಹೊಲಿಸಿಕೊಂಡದ್ದರಿಂದ, ಆದದ್ದು ಅದು. ಈಗ ನಾನೇ ವೀವ್ ಹೊಲಿಯುತ್ತೇನೆ, ವಿಗ್ ಕಟ್ಟುತ್ತೇನೆ. ಅದೇ ನನ್ನ ದುಡಿಮೆ. ಕುರ್ಚಿಯಲ್ಲಿ ಬಂದು ಕೂತವರು "ಎರಡರಲ್ಲಿ ಯಾವುದು ಒಳ್ಳೇದು?" ಅಂತ ಕೇಳಿದರೆ ನಾನು ತಕ್ಷಣ ಹೇಳುವುದಿಲ್ಲ. ಮೊದಲು ಅವರ ಹಣೆಯಂಚನ್ನು ಬೆರಳಲ್ಲಿ ಮುಟ್ಟಿ ನೋಡುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನಾನು ಸಿದ್ದಿ. ನಮ್ಮೂರು ಯಲ್ಲಾಪುರ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದ ಜನ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ನಮ್ಮ ಹಿರೀಕರು. ಮಾತು, ಊಟ, ಬಟ್ಟೆ ಎಲ್ಲಾ ಇಲ್ಲಿಯದೇ ಆಯಿತು. ಕೂದಲು ಅಲ್ಲಿಯದೇ ಉಳಿಯಿತು. ಪೆನ್ನಿನೊಳಗಿನ ಸ್ಪ್ರಿಂಗ್‌ನಷ್ಟು ಸಣ್ಣ ಸುರುಳಿ. ಒದ್ದೆ ಇದ್ದಾಗ ಎಳೆದು ಹಿಡಿದರೆ ಭುಜ ಮುಟ್ಟುತ್ತದೆ, ಒಣಗಿದರೆ ಕಿವಿಯ ಹತ್ತಿರ ಹೋಗಿ ಕೂರುತ್ತದೆ. ನೆತ್ತಿಯಲ್ಲಿ ಹುಟ್ಟುವ ಜಿಡ್ಡು ಇಷ್ಟು ಸುರುಳಿ ದಾಟಿ ತುದಿಯವರೆಗೆ ಇಳಿಯುವುದು ಕಷ್ಟ. ಹಾಗಾಗಿ ತುದಿ ಒಣಗುತ್ತದೆ, ಒಣಗಿದ ತುದಿ ಮುರಿಯುತ್ತದೆ. 'ಇವರ ಕೂದಲು ಬೆಳೆಯೋದೇ ಇಲ್ಲ' ಅನ್ನುತ್ತಾರಲ್ಲ, ಅದು ಸುಳ್ಳು. ಬೆಳೆಯುತ್ತದೆ. ಮುರಿಯದಂತೆ ನೋಡಿಕೊಳ್ಳುವುದೇ ಕೆಲಸ.

ಚಿಕ್ಕವಳಿದ್ದಾಗ ಆ ಕೆಲಸವನ್ನು ಆಯಿ ಮಾಡುತ್ತಿದ್ದಳು. ಭಾನುವಾರ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು. ಹಾಸ್ಟೆಲ್ ಸೇರಿದ ಮೇಲೆ ಹೆಣೆಯುವವರು ಯಾರೂ ಇರಲಿಲ್ಲ. ಮುಂದೆ ಬೆಂಗಳೂರಿಗೆ ಬಂದು ಒಂದು ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸಕ್ಕೆ ಸೇರಿದೆ. ಎರಡನೇ ವಾರವೇ ಮ್ಯಾನೇಜರ್ ಕರೆದು "ಕೆಲಸ ಚೆನ್ನಾಗಿ ಮಾಡ್ತೀಯಮ್ಮ, ಕೂದಲು ಮಾತ್ರ ಸ್ವಲ್ಪ ನೀಟಾಗಿ ಮಾಡ್ಕೊಂಡು ಬಾ" ಅಂದರು. ನನ್ನ ತಲೆ ಶುಚಿಯಾಗಿತ್ತು, ಕೂದಲನ್ನು ಬಾಚಿ ಕಟ್ಟಿದ್ದೆ. ಅವರಿಗೆ ಬೇಕಿದ್ದದ್ದು ನೇರ ಕೂದಲು. ಹುಟ್ಟು ಕೂದಲಿನ ಕಾರಣಕ್ಕೆ ಯಾರನ್ನೂ ಬೇರೆಯಾಗಿ ಕಾಣಬಾರದು ಅಂತ ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಕ್ರೌನ್ ಆಕ್ಟ್ ಎಂಬ ಕಾನೂನನ್ನೇ ತಂದರು. ಅದನ್ನು ಓದಿದ ದಿನ ನನಗೆ ಆ ಮ್ಯಾನೇಜರ್ ಕೋಣೆ ನೆನಪಾಗಿ ಅಳು ಬಂತು.

ಆಗ ನನಗೆ ಗೊತ್ತಿದ್ದ ದಾರಿ ಒಂದೇ. ಹೆಣ್ಣೂರು, ಕೊತ್ತನೂರು ಕಡೆ ಆಫ್ರಿಕಾದಿಂದ ಓದಲು ಬಂದ ಹುಡುಗಿಯರು ತುಂಬಾ ಇದ್ದಾರೆ. ಬಸ್ಸಿನಲ್ಲಿ ಅವರ ತಲೆ ನೋಡುತ್ತಾ ನಿಲ್ಲುತ್ತಿದ್ದೆ. ಒಬ್ಬಳನ್ನು ಕೇಳಿಯೇಬಿಟ್ಟೆ. ಅವಳು ವೀವ್ ಅಂದಳು. ವಿಳಾಸವನ್ನೂ ಕೊಟ್ಟಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಜಡೆಗೆ ಚೌರಿ ಸೇರಿಸುತ್ತಾರಲ್ಲ, ಅದು ಜಡೆಗೆ ಮಾತ್ರ. ವೀವ್ ಇಡೀ ತಲೆಗೆ. ನಿಮ್ಮ ಕೂದಲನ್ನು ನೆತ್ತಿಗೆ ಅಂಟಿದಂತೆ ಸಾಲು ಸಾಲಾಗಿ ಹೆಣೆಯುತ್ತಾರೆ. ಇದಕ್ಕೆ ಕಾರ್ನ್‌ರೋ ಅನ್ನುತ್ತಾರೆ. ಬೇರೆ ಕೂದಲನ್ನು ಉದ್ದ ಪಟ್ಟಿಯಂತೆ ಹೊಲಿದು ತಂದಿರುತ್ತಾರೆ. ಬಾಗಿದ ಸೂಜಿಯಲ್ಲಿ ಆ ಪಟ್ಟಿಯನ್ನು ಹೆಣೆದ ಸಾಲಿಗೆ ಸೇರಿಸಿ ಹೊಲಿಯುತ್ತಾರೆ. ಮೂರು ಬಂಡಲ್ ಕೂದಲು, ಒಂದೊಂದು ಸುಮಾರು 100 ಗ್ರಾಂ. ಬೈತಲೆ ಕಾಣುವ ಕಡೆ ಕ್ಲೋಶರ್ ಅಂತ ಜಾಲರಿಯ ಚೌಕ ತುಂಡು ಕೂರಿಸುತ್ತಾರೆ. ಈ ಹೊಲಿಯುವ ಪದ್ಧತಿಗೆ ಅಮೆರಿಕದ ಕಪ್ಪು ಮಹಿಳೆ ಕ್ರಿಸ್ಟಿನಾ ಜೆಂಕಿನ್ಸ್ 1952ರಲ್ಲಿ ಪೇಟೆಂಟ್ ಪಡೆದಿದ್ದರು. ಅದಕ್ಕೆ ಮೊದಲು ಪಿನ್ನು ಚುಚ್ಚಿ ಕೂರಿಸುವುದೇ ಹೆಚ್ಚಿತ್ತು.

ನನಗೆ ಹೊಲಿದವರು ತುಂಬಾ ಬಿಗಿಯಾಗಿ ಹೆಣೆದರು. ಹುಬ್ಬು ಮೇಲಕ್ಕೆ ಎಳೆದಂತಿತ್ತು. ನೋಯುತ್ತಿದೆ ಅಂದೆ. "ಎರಡು ದಿನ ಇರುತ್ತೆ, ಆಮೇಲೆ ಸರಿಹೋಗುತ್ತೆ" ಅಂದರು. ಆ ರಾತ್ರಿ ದಿಂಬಿಗೆ ತಲೆ ಇಡಲಾಗಲಿಲ್ಲ. ಮೂರನೇ ದಿನ ಹಣೆಯಂಚಿನಲ್ಲಿ ಸಣ್ಣ ಬಿಳಿ ಗುಳ್ಳೆಗಳು ಎದ್ದವು. ಇದನ್ನು ದಯವಿಟ್ಟು ನೆನಪಿಡಿ: ಗುಳ್ಳೆ ಅಂದರೆ ಬೇರು ಕೀಳುತ್ತಿದೆ ಅಂತ. ಅವತ್ತೇ ಬಿಚ್ಚಬೇಕು. ನಾನು ಬಿಚ್ಚಲಿಲ್ಲ. ಕೂದಲಿಗೆ 18 ಸಾವಿರ, ಹೊಲಿಗೆಗೆ 3 ಸಾವಿರ ಕೊಟ್ಟಿದ್ದೆ. ಎರಡು ತಿಂಗಳ ಸಂಬಳದ ಉಳಿತಾಯ. ಹೋಟೆಲಿನಲ್ಲಿ ಎಲ್ಲರೂ ಹೊಗಳುತ್ತಿದ್ದರು ಬೇರೆ.

ಆರರಿಂದ ಎಂಟು ವಾರಕ್ಕೆ ಬಿಚ್ಚಬೇಕಾದ್ದನ್ನು ಮೂರು ತಿಂಗಳು ಇಟ್ಟುಕೊಂಡೆ. ನಡುವೆ ಊರಿಗೆ ಹೋಗಿದ್ದೆ. ಜುಲೈ ತಿಂಗಳು, ನಮ್ಮ ಕಡೆ ಮಳೆ ಬಿಡುವುದೇ ಇಲ್ಲ. ತಲೆಗೆ ನೀರು ಹಾಕಿಕೊಂಡೆ. ಮೇಲಿನ ಕೂದಲು ಒಣಗಿತು, ಒಳಗಿನ ಹೆಣಿಗೆ ಒಣಗಲಿಲ್ಲ. ಒಲೆಯ ಮುಂದೆ ಎಷ್ಟು ಹೊತ್ತು ಕೂತರೂ ಅಷ್ಟೇ. ನಾಲ್ಕು ದಿನಕ್ಕೆ ಬೂಷ್ಟಿನ ವಾಸನೆ ಶುರುವಾಯಿತು. ಒದ್ದೆ ಗೋಣಿಚೀಲದ ವಾಸನೆ ಅದು. ಬೆಂಗಳೂರಿಗೆ ಬಂದು ಬಿಚ್ಚಿಸಿದಾಗ ಎಡಗಿವಿಯ ಮೇಲಿನ ಒಂದು ಸಾಲು ಜಡೆ ಬೇರುಸಮೇತ ಬಾಚಣಿಗೆಗೆ ಬಂತು. ಬೇರಿನ ಬಿಳಿ ಚುಕ್ಕೆಗಳು ಕಣ್ಣಿಗೆ ಕಾಣುತ್ತಿದ್ದವು.

ಚರ್ಮದ ಡಾಕ್ಟರು ಇದಕ್ಕೆ ಟ್ರಾಕ್ಷನ್ ಅಲೋಪೇಶಿಯಾ ಅನ್ನುತ್ತಾರೆ ಅಂದರು. ಎಳೆತದಿಂದ ಕೂದಲು ಹೋಗುವುದು. ಬೇಗ ಎಳೆತ ನಿಲ್ಲಿಸಿದರೆ ಮತ್ತೆ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬೇರೇ ಸತ್ತುಹೋಗುತ್ತದೆ. ನನ್ನದು ಮುಕ್ಕಾಲು ಭಾಗ ಬಂತು.

ಹೋಟೆಲ್ ಕೆಲಸ ಬಿಟ್ಟು ಈ ಕೆಲಸ ಕಲಿಯಲು ಸೇರಿದ್ದು ಆಮೇಲೆ. ಕಲಿಸಿದವರು ನೈಜೀರಿಯಾದ ಒಬ್ಬ ಆಂಟಿ. ಮೊದಲ ಮೂರು ತಿಂಗಳು ಅವರು ನನ್ನ ಕೈಗೆ ಸೂಜಿ ಕೊಡಲಿಲ್ಲ. ಬರೀ ಸಿಕ್ಕು ಬಿಡಿಸುವುದು. ಕೂದಲನ್ನು ನೀರು, ಕಂಡೀಷನರ್ ಹಾಕಿ ನೆನೆಸಿ, ನಾಲ್ಕು ಭಾಗ ಮಾಡಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಬುಡದ ಕಡೆ ಬರಬೇಕು. ಬುಡದಿಂದ ಎಳೆದರೆ ಕೈ ಮೇಲೆ ಏಟು. ಹೆಣಿಗೆ ಮುಗಿಸಿದ ಮೇಲೆ ಗಿರಾಕಿಗೆ ಹುಬ್ಬು ಎತ್ತಿ ಇಳಿಸಲು ಹೇಳುತ್ತಿದ್ದರು. ಸಲೀಸಾಗಿ ಆಡದಿದ್ದರೆ ಪೂರ್ತಿ ಬಿಚ್ಚಿಸಿ ಮತ್ತೆ ಹೆಣೆಸುತ್ತಿದ್ದರು. ನಾನು ಈಗಲೂ ಹಾಗೇ ಮಾಡುತ್ತೇನೆ.

ನಾನು ವಿಗ್‌ಗೆ ಬಂದದ್ದು ಅಲ್ಲಿಯೇ. ವಿಗ್ ಅಂದರೆ ನಮ್ಮ ಜನಕ್ಕೆ ನಾಟಕದ ಟೋಪನ್ ನೆನಪಾಗುತ್ತದೆ. ಈಗಿನದು ಬೇರೆ. ಮುಂದೆ ಹಣೆಗೆ ತೆಳು ಜಾಲರಿ, ಅದರಲ್ಲಿ ಒಂದೊಂದೇ ಎಳೆ ಗಂಟು ಹಾಕಿರುತ್ತಾರೆ. ಹಾಕಿಕೊಂಡರೆ ಬೈತಲೆ ಚರ್ಮದಿಂದಲೇ ಎದ್ದಂತೆ ಕಾಣುತ್ತದೆ. ಆದರೆ ನನ್ನ ಮನಸ್ಸು ಗೆದ್ದದ್ದು ಅದರ ಅಂದ ಅಲ್ಲ. ರಾತ್ರಿ ತೆಗೆದು ಗೂಟಕ್ಕೆ ಹಾಕಿ ನನ್ನ ನೆತ್ತಿಗೆ ನಾನು ಎಣ್ಣೆ ಹಚ್ಚಿಕೊಳ್ಳಬಹುದು. ಬೆರಳು ಬುಡಕ್ಕೆ ಹೋಗುತ್ತದೆ. ಎಲ್ಲಿ ತುರಿಕೆ, ಎಲ್ಲಿ ಗುಳ್ಳೆ, ಎಲ್ಲಿ ಒಣಗಿದೆ ಅಂತ ದಿನಾ ಗೊತ್ತಾಗುತ್ತದೆ. ವಾರಕ್ಕೊಮ್ಮೆ ತಲೆ ತೊಳೆದು ಪೂರ್ತಿ ಒಣಗಿಸುತ್ತೇನೆ. ಎರಡು ವಾರಕ್ಕೊಮ್ಮೆ ವಿಗ್ಗಿನ ಒಳಗಿರುವ ನನ್ನ ಸ್ವಂತ ಕೂದಲಿನ ಜಡೆ ಬಿಚ್ಚಿ ಸಡಿಲವಾಗಿ ಮತ್ತೆ ಹೆಣೆಯುತ್ತೇನೆ. ವೀವ್‌ನಲ್ಲಿ ನೀವು ಎರಡು ತಿಂಗಳು ನಿಮ್ಮ ತಲೆಯನ್ನೇ ನೋಡಿರುವುದಿಲ್ಲ. ನನ್ನ ಮಟ್ಟಿಗೆ ಆಯ್ಕೆ ತೀರ್ಮಾನವಾಗಿದ್ದು ಇದೇ ಒಂದು ಕಾರಣಕ್ಕೆ.

ವಿಗ್‌ನಿಂದ ತೊಂದರೆಯೇ ಇಲ್ಲ ಅಂತ ತಿಳಿಯಬೇಡಿ. ಅಂಟು ಹಚ್ಚಿ ಕೂರಿಸುವವರಿದ್ದಾರೆ. ಅಂಟು ಕೀಳುವಾಗ ಹಣೆಯ ಎಳೆಗೂದಲೂ ಜೊತೆಗೆ ಬರುತ್ತದೆ. ನಾನು ಅಂಟು ಮುಟ್ಟುವುದಿಲ್ಲ, ಹಿಂದೆ ಎಲಾಸ್ಟಿಕ್ ಪಟ್ಟಿ ಹೊಲಿಯುತ್ತೇನೆ. ಒಳಗೆ ಬರುವ ಚಿಕ್ಕ ಬಾಚಣಿಗೆ ಕ್ಲಿಪ್ಪುಗಳನ್ನು ಕಿವಿಯ ಹತ್ತಿರದಿಂದ ಕತ್ತರಿಸಿ ತೆಗೆಯುತ್ತೇನೆ, ದಿನಾ ಅದೇ ಜಾಗ ಎಳೆಯುತ್ತವೆ. ಒಳಗೆ ಹತ್ತಿ ಟೋಪಿ ಹಾಕಿದರೆ ಅದು ಕೂದಲಿನ ಎಣ್ಣೆ ಹೀರುತ್ತದೆ, ಸ್ಯಾಟಿನ್ ಬಟ್ಟೆ ಹೊಲಿಸಿಕೊಳ್ಳಿ. ಇನ್ನು ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸುವವರಿಗೆ ಹೆಲ್ಮೆಟ್ ಕಾಟ. ತೆಗೆಯುವಾಗ ವಿಗ್ಗೂ ಜೊತೆಗೇ ಎದ್ದು ಬರುತ್ತದೆ, ಜಾಲರಿಯ ಅಂಚು ಬೇಗ ಸವೆಯುತ್ತದೆ. ನಾನು ಅದನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಗಾಡಿ ನಿಲ್ಲಿಸಿದ ಮೇಲೆ ಹಾಕಿಕೊಳ್ಳುತ್ತೇನೆ. ಕೊಳ್ಳುವ ಮುಂಚೆ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಒಳಗಿನ ಹೆಣಿಗೆ ಸೇರಿಸಿ ಅಳೆಯಬೇಕು, ಬರೀ ತಲೆಯನ್ನಲ್ಲ. ಚಿಕ್ಕದಾದರೆ ಸಂಜೆ ತಲೆನೋವು ಗ್ಯಾರಂಟಿ.

ಯಾವುದೇ ಆಗಲಿ, ಕೂದಲು ಎಲ್ಲಿಂದ ಬಂತು ಅನ್ನೋದು ತುಂಬಾ ಮುಖ್ಯ. ಕೊಪ್ಪಳದ ಭಾಗ್ಯನಗರಕ್ಕೆ ಹೋಗಿ ಬಂದ ಮೇಲೆ ನನಗೆ ಇದು ಅರ್ಥವಾಯಿತು. ಅಲ್ಲಿ ಕೂದಲಿನದ್ದೇ ದೊಡ್ಡ ವ್ಯಾಪಾರ. ಊರೂರಲ್ಲಿ ಬಾಚುವಾಗ ಉದುರಿದ ಕೂದಲನ್ನು ಪಾತ್ರೆ, ಪಿನ್ನು ಕೊಟ್ಟು ತಗೊಂಡು ಹೋಗುತ್ತಾರಲ್ಲ, ಆ ಉಂಡೆಗಳು ಅಲ್ಲಿಗೆ ಬರುತ್ತವೆ. ಹೆಂಗಸರು ಕೂತು ದಬ್ಬಣದಂಥ ಸೂಜಿಯಲ್ಲಿ ಗಂಟು ಬಿಡಿಸುತ್ತಾರೆ. ಉಂಡೆಯಲ್ಲಿ ಬುಡ ಯಾವುದು, ತುದಿ ಯಾವುದು ಗೊತ್ತಾಗುವುದಿಲ್ಲ. ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರ ಇರುತ್ತದೆ. ಒಂದು ಎಳೆ ಮೇಲ್ಮುಖ, ಇನ್ನೊಂದು ಕೆಳಮುಖ ಸೇರಿದರೆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತವೆ. ಹಾಗಾಗಬಾರದು ಅಂತ ಆಸಿಡ್‌ನಲ್ಲಿ ಪದರ ತೆಗೆದು ಸಿಲಿಕೋನ್ ಲೇಪಿಸುವವರಿದ್ದಾರೆ. ಅಂಗಡಿಯಲ್ಲಿ ರೇಷ್ಮೆಯಂತೆ ಹೊಳೆಯುತ್ತದೆ. ಕೆಲವು ಸಲ ತೊಳೆದರೆ ತೆಂಗಿನ ನಾರು. ತಿರುಪತಿಯ ಮುಡಿಯಂಥ ಕೂದಲು ಹಾಗಲ್ಲ. ಒಂದೇ ತಲೆಯಿಂದ ಒಟ್ಟಿಗೆ ಬರುತ್ತದೆ, ಬುಡ ಬುಡದ ಕಡೆಯೇ ಇರುತ್ತದೆ. ಇದನ್ನು ರೆಮಿ ಅನ್ನುತ್ತಾರೆ, ಬೆಲೆ ಜಾಸ್ತಿ.

ಅಂಗಡಿಯಲ್ಲಿ ನಾನು ಎರಡು ಪರೀಕ್ಷೆ ಮಾಡುತ್ತೇನೆ. ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ, ಆಮೇಲೆ ತುದಿಯಿಂದ ಬುಡಕ್ಕೆ ಸವರುತ್ತೇನೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಸ್ವಲ್ಪ ತಡೆದಂತೆ ಆದರೆ ಪದರ ಇದೆ ಅಂತ. ಎರಡನೆಯದು, ಒಂದೆಳೆ ಕೇಳಿ ತಗೊಂಡು ಸುಡುವುದು. ಕೂದಲಾದರೆ ಬೂದಿ, ಪ್ಲಾಸ್ಟಿಕ್ ನಾರಾದರೆ ಕರಗಿ ಗಟ್ಟಿ ಗುಂಡಿನಂತಾಗುತ್ತದೆ.

ಇನ್ನೊಂದು ಮಾತು, ಇದು ನನಗೆ ತಡವಾಗಿ ತಿಳಿದದ್ದು. ನೇರ ಕೂದಲನ್ನು ಹೊಲಿಸಿ ಮುಂದೆ ಸ್ವಲ್ಪ ಸ್ವಂತ ಕೂದಲು ಬಿಟ್ಟುಕೊಂಡರೆ, ಅದನ್ನು ಹೊಂದಿಸಲು ದಿನಾ ಇಸ್ತ್ರಿ ಮಾಡಬೇಕಾಗುತ್ತದೆ. ಸುಟ್ಟ ಕೂದಲಿಗೆ ಸುರುಳಿ ಮರಳಿ ಬರುವುದಿಲ್ಲ. ನನ್ನ ಈಗಿನ ವಿಗ್ ನನ್ನ ಕೂದಲಿನಂಥದ್ದೇ, ಗುಂಗುರು. ಸಣ್ಣ ಕಡ್ಡಿಗೆ ಸುತ್ತಿ ಹಬೆ ಕೊಟ್ಟು ಮಾಡಿದ್ದು. ವಾರಕ್ಕೆರಡು ದಿನ ಅದನ್ನೂ ಹಾಕದೆ ಬರುತ್ತೇನೆ. ಗುರುತಿಸುವವರು ಕಡಿಮೆ.

ಹಾಗಂತ ಎಲ್ಲರಿಗೂ ವಿಗ್ ಹೇಳುವುದಿಲ್ಲ. ನರ್ಸಿಂಗ್ ಓದುವ ಕಾಂಗೋ ದೇಶದ ಹುಡುಗಿಗೆ ನಾನು ಹೊಲಿಯುವುದು ವೀವ್. ಹನ್ನೆರಡು ತಾಸಿನ ಡ್ಯೂಟಿ, ತಲೆಗೆ ಟೋಪಿ, ಮಾಸ್ಕಿನ ದಾರ. ವಿಗ್ ಜಾರಿದರೆ ಸರಿಮಾಡಿಕೊಳ್ಳಲು ಅವಳ ಕೈ ಖಾಲಿ ಇರುವುದಿಲ್ಲ. ಆರನೇ ವಾರಕ್ಕೆ ತಪ್ಪದೆ ಬರುತ್ತಾಳೆ, ಬಿಚ್ಚಿ ಎರಡು ವಾರ ತಲೆಗೆ ಬಿಡುವು ಕೊಡುತ್ತಾಳೆ. ತೊಳೆಯುವಾಗ ಶಾಂಪೂವನ್ನು ನೀರಲ್ಲಿ ಕಲಸಿ ಮೂತಿ ಇರುವ ಬಾಟಲಿಯಿಂದ ಸಾಲುಗಳ ನಡುವೆ ಬಿಡುತ್ತಾಳೆ. ಒಣಗಿಸಲು ನನ್ನಲ್ಲಿಗೇ ಬಂದು ಡ್ರೈಯರ್ ಕೆಳಗೆ ಒಂದೂವರೆ ತಾಸು ಕೂರುತ್ತಾಳೆ. ಓಟದ ತರಬೇತಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಎರಡೂ ಬೇಡ ಅಂದೆ. ಅಷ್ಟು ಬೆವರಿಗೆ ಸಡಿಲ ಜಡೆಯೇ ಸಾಕು.

ಕಳೆದ ವರ್ಷ ಅತ್ತೆಯ ಮಗಳ ಮದುವೆ. "ಅಕ್ಕಾ, ನಂಗೂ ಉದ್ದ ಜಡೆ ಬೇಕು, ಹೂವು ಮುಡೀಬೇಕು" ಅಂದಳು. ವಿಗ್ಗೇ ಮಾಡೋಣ ಅಂದುಕೊಂಡಿದ್ದೆ. ಆದರೆ ಉದ್ದ ಜಡೆ, ಅದರ ಮೇಲೆ ಮಲ್ಲಿಗೆ ದಂಡೆಯ ಭಾರ ಬಿದ್ದರೆ ವಿಗ್ ಹಿಂದಕ್ಕೆ ಜಗ್ಗುತ್ತದೆ, ಪಿನ್ನು ಚುಚ್ಚಲು ಗಟ್ಟಿ ಜಾಗವೂ ಸಿಗುವುದಿಲ್ಲ. ಹಾಗಾಗಿ ಮದುವೆಗೆ ಮೂರು ದಿನ ಮುಂಚೆ ವೀವ್ ಹೊಲಿದೆ. ಹಣೆಯಂಚಿನ ಅರ್ಧ ಇಂಚು ಕೂದಲನ್ನು ಹೆಣಿಗೆಗೆ ಸೇರಿಸಲೇ ಇಲ್ಲ. ಹುಬ್ಬು ಎತ್ತಿ ಇಳಿಸಲು ಹೇಳಿದೆ, ಸಲೀಸಾಗಿ ಆಡಿತು. ಹದಿನೈದನೇ ದಿನ ಅವಳ ಗಂಡನ ಮನೆಗೆ ಹೋಗಿ, ಜಗುಲಿಯಲ್ಲಿ ಕೂರಿಸಿಕೊಂಡು ನಾನೇ ದಾರ ಕತ್ತರಿಸಿ ಬಿಚ್ಚಿದೆ. ಬಾಚಣಿಗೆಗೆ ಬಂದದ್ದು ದಿನಾ ಉದುರುವಷ್ಟೇ ಕೂದಲು. ಕಿವಿಯ ಮೇಲೆ ಬೆರಳಿಟ್ಟು ಒತ್ತಿ ನೋಡಿದೆ. "ನೋಯುತ್ತಾ?" ಅಂದೆ. "ಇಲ್ಲಕ್ಕ" ಅಂದಳು. ಎಣ್ಣೆ ಹಚ್ಚಿ ಸಡಿಲವಾಗಿ ನಾಲ್ಕು ಜಡೆ ಹಾಕಿ ಬಂದೆ.