ಮಳೆಗಾಲದ ಸೈಕಲ್ ದೀಪ: ತೂತು ಕಡಿಮೆ, ಬೆಳಕು ಕೆಳಗೆ

ತೀರ್ಥಹಳ್ಳಿ, ಹೊಸನಗರದ ಕಡೆ ಸೈಕಲ್ ದೀಪ ಕೆಡುವುದು ಬಲ್ಬಿನಿಂದಲ್ಲ, ನೀರಿನಿಂದ. ಆರಿದ್ರಾ ಹಿಡಿದು ಪುನರ್ವಸು ಮುಗಿಯುವುದರೊಳಗೆ ಗಾಜಿನ ಒಳಗೆ ಆವಿ ಕಟ್ಟುತ್ತದೆ, ಸ್ವಿಚ್ಚು ಹಸಿರುಗಟ್ಟುತ್ತದೆ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾಗುತ್ತದೆ. ಹಳೇ ಡೈನಮೋ ಇನ್ನೂ ಕೆಲವರ ಸೈಕಲ್ಲಿನಲ್ಲಿದೆ. 6 ವೋಲ್ಟ್, 3 ವ್ಯಾಟ್ ಕೊಡುವ ಗಟ್ಟಿ ಸಾಮಾನೇ, ಆದರೆ ಒದ್ದೆ ಟೈರಿನ ಮೇಲೆ ಅದರ ಗಾಲಿ ಜಾರುತ್ತದೆ; ಏರಿನಲ್ಲಿ ಇಳಿದು ತಳ್ಳಲು ಶುರುಮಾಡಿದರೆ ಬೆಳಕು ಸತ್ತೇ ಹೋಗುತ್ತದೆ. ಹಾಗಾಗಿ ಕೈಯಾರೆ ಮಾಡುವಾಗ ನಾನು ಲ್ಯೂಮೆನ್ (ಬೆಳಕಿನ ಅಳತೆ) ಲೆಕ್ಕಕ್ಕಿಂತ ತೂತಿನ ಲೆಕ್ಕ ಮೊದಲು ಇಡುತ್ತೇನೆ. ಪೆಟ್ಟಿಗೆಗೆ ಎಷ್ಟು ತೂತೋ ಅಷ್ಟು ಕಡೆ ನೀರು.

ವಿದ್ಯುತ್ತಿನ ಭಾಗ ಸರಳ. 18650 ಅಳತೆಯ, ಮತ್ತೆ ಮತ್ತೆ ಚಾರ್ಜು ಮಾಡುವ ಲಿಥಿಯಂ ಸೆಲ್ಲು ಒಂದು, 20 ಮಿಲಿಮೀಟರ್ ನಕ್ಷತ್ರಾಕಾರದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂತ ಕ್ರೀ ಎಕ್ಸ್‌ಪಿ-ಜಿ2 ಎಲ್‌ಇಡಿ ಒಂದು, ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಎಎಂಸಿ7135 ಎಂಬ ಪುಟ್ಟ ಐಸಿ ಎರಡು. ಒಂದು 7135 ಸುಮಾರು 350 ಮಿಲಿಆಂಪ್ ಬಿಡುತ್ತದೆ, ಎರಡನ್ನು ಪ್ಯಾರಲಲ್ ಹಾಕಿದರೆ 700. ಅಷ್ಟು ಕರೆಂಟಿಗೆ ಈ ಎಲ್‌ಇಡಿ 250 ಲ್ಯೂಮೆನ್ ಆಸುಪಾಸು ಕೊಡುತ್ತದೆ, ಸೈಕಲ್ಲಿನ ವೇಗಕ್ಕೆ ಧಾರಾಳ. 2600 ಮಿಲಿಆಂಪ್-ಅವರ್ ಸೆಲ್ಲಿನಲ್ಲಿ ಮೂರು ಗಂಟೆಗೆ ಮೋಸವಿಲ್ಲ. ಇವೆಲ್ಲ ಶಿವಮೊಗ್ಗದ ಅಂಗಡಿಗಳಲ್ಲಿ ಯಾವಾಗಲೂ ಇರುತ್ತವೆ ಎಂದಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದೇ ಸಲ ಹತ್ತು ಐಸಿ ತರಿಸಿಟ್ಟುಕೊಳ್ಳುವುದು ವಾಸಿ, ಬೆಸುಗೆ ಕಲಿಯುವಾಗ ಎರಡು ಮೂರು ಸುಡುವುದು ಇದ್ದದ್ದೇ.

ಎಲ್‌ಇಡಿಯನ್ನು ನೇರ ಸೆಲ್ಲಿಗೆ ಕೊಟ್ಟರೂ ಉರಿಯುತ್ತದೆ. ಆದರೆ ತುಂಬಿದ ಸೆಲ್ಲು 4.2 ವೋಲ್ಟ್, ಎಲ್‌ಇಡಿಗೆ ಬೇಕಾದದ್ದು ಸುಮಾರು 3. ಆ ವ್ಯತ್ಯಾಸಕ್ಕೆ ತಡೆ ಇಲ್ಲದಿದ್ದರೆ ಕರೆಂಟು ಏರುತ್ತದೆ, ಬಿಲ್ಲೆ ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಎಳೆಯುತ್ತದೆ. 7135 ಸಿಗದಿದ್ದರೆ 1.5 ಓಮ್, 2 ವ್ಯಾಟ್ ರೆಸಿಸ್ಟರ್ ಹಾಕಿ ಕೆಲಸ ಸಾಗಿಸಬಹುದು, ಆದರೆ ಸೆಲ್ಲು ಇಳಿದಂತೆ ಬೆಳಕೂ ಮೊದಲಿನಿಂದಲೇ ಇಳಿಯುತ್ತದೆ. 7135 ಹಾಗಲ್ಲ: ಸೆಲ್ಲು 3.2 ವೋಲ್ಟಿಗೆ ಬರುವವರೆಗೂ ಒಂದೇ ಸಮ, ಆಮೇಲೆ ನಿಧಾನವಾಗಿ ಮಂಕು. ಕಾನಿನ ನಡುವೆ ಪಕ್ಕನೆ ಕತ್ತಲಾಗುವುದಕ್ಕಿಂತ ಈ ಮಂಕೇ ಒಳ್ಳೆಯ ಎಚ್ಚರಿಕೆ.

ಜೋಡಣೆಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. 7135 ಕೂರುವುದು ಎಲ್‌ಇಡಿಯ ಮೈನಸ್ ಬದಿಗೆ. ಎಲ್‌ಇಡಿಯ ಪ್ಲಸ್ ನೇರ ಸೆಲ್ಲಿನ ಪ್ಲಸ್ಸಿಗೆ. ಎಲ್‌ಇಡಿಯ ಮೈನಸ್ ಐಸಿಯ ಔಟ್ ಕಾಲಿಗೆ. ಐಸಿಯ ಗ್ರೌಂಡ್ ಸೆಲ್ಲಿನ ಮೈನಸ್ಸಿಗೆ. ಐಸಿಗೆ ಚಾಲನೆ ಕೊಡುವ ವಿಡಿಡಿ ಕಾಲು ಸೆಲ್ಲಿನ ಪ್ಲಸ್ಸಿಗೆ. ಬೆನ್ನಿನ ಅಗಲ ತಗಡು ಗ್ರೌಂಡೇ. ಅದನ್ನು ತಾಮ್ರ ಹೊದಿಸಿದ ಬೋರ್ಡಿನ ಚೂರಿಗೆ ಚೆನ್ನಾಗಿ ಬೆಸೆಯಬೇಕು, ಶಾಖ ಇಳಿಯುವುದು ಅಲ್ಲಿಂದಲೇ.

ಇನ್ನು ಮೈ. ಸ್ಲೈಡಿಂಗ್ ಕಿಟಕಿ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಒಂದೂವರೆ ಇಂಚು ಚೌಕದ ಅಲ್ಯೂಮಿನಿಯಂ ಕೊಳವೆಯ ತುಂಡು ಬಿದ್ದಿರುತ್ತದೆ. 10 ಸೆಂಟಿಮೀಟರ್ ಸಾಕು. ಮುಂದಿನ ಬಾಯಿಯನ್ನು ಓರೆಯಾಗಿ ಕೊಯ್ದು, ಮೇಲಿನ ಗೋಡೆ 2 ಸೆಂಟಿಮೀಟರ್ ಚಾಚಿಕೊಂಡಿರುವಂತೆ ಬಿಡಬೇಕು. ಮನೆಯ ಸೂರಿನ ಹಾಗೆ ಅದು ನೀರನ್ನೂ ತಡೆಯುತ್ತದೆ, ಎದುರು ಬರುವ ಬಸ್ಸಿನವರ ಕಣ್ಣಿಗೆ ಹೊಡೆಯುವ ಬೆಳಕನ್ನೂ ತಡೆಯುತ್ತದೆ. ಒಳಗೆ 25 ಮಿಲಿಮೀಟರಿನ, 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಎಲ್-ಆಂಗಲ್ ಚೂರು. ಅದರ ಮಲಗಿದ ಕಾಲನ್ನು ಕೊಳವೆಯ ತಳಕ್ಕೆ ಎರಡು ಎಂ3 ಬೋಲ್ಟಿನಿಂದ ಬಿಗಿದು, ನಿಂತ ಕಾಲಿನ ಮೇಲೆ ಎಲ್‌ಇಡಿ ಬಿಲ್ಲೆ. ಕೊಳವೆಗೆ ಆಂಗಲ್, ಆಂಗಲಿಗೆ ಬಿಲ್ಲೆ ಕೂಡುವ ಎರಡೂ ಕಡೆ ಶಾಖ ದಾಟಿಸುವ ಥರ್ಮಲ್ ಪೇಸ್ಟು ತೆಳುವಾಗಿ, ದೋಸೆಗೆ ಎಣ್ಣೆ ಸವರಿದಷ್ಟು ಮಾತ್ರ. ದಪ್ಪ ಹಚ್ಚಿದರೆ ಶಾಖ ದಾಟುವುದಿಲ್ಲ. ಬಿಲ್ಲೆಯ ತಳಕ್ಕೂ ಎಲ್‌ಇಡಿಯ ಕಾಲುಗಳಿಗೂ ಸಂಪರ್ಕ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿಕೊಂಡೇ ಬಿಗಿಯಿರಿ. ಅಗ್ಗದ ಎಲ್‌ಇಡಿಗಳಲ್ಲಿ ಕೆಲವಕ್ಕೆ ತಳದಲ್ಲೂ ಕರೆಂಟು ಇರುತ್ತದೆ. ಐಸಿ ಬೋರ್ಡನ್ನು ಅದೇ ಆಂಗಲಿನ ಬೆನ್ನಿಗೆ ಥರ್ಮಲ್ ಅಂಟಿನಿಂದ ಕೂರಿಸಿ.

ಲೆನ್ಸಿಗೆ 10×60 ಡಿಗ್ರಿಯ ಉದ್ದುದ್ದ ಬೆಳಕು ಚೆಲ್ಲುವುದೇ ಸರಿ, 60 ಅಡ್ಡಕ್ಕೆ ಬರುವಂತೆ. ದುಂಡನೆಯ ಲೆನ್ಸು ಅರ್ಧ ಬೆಳಕನ್ನು ಮರದ ನೆತ್ತಿಗೆ ಕಳಿಸುತ್ತದೆ. ಲೆನ್ಸಿನ ಮುಂದೆ 3 ಮಿಲಿಮೀಟರ್ ಅಕ್ರಿಲಿಕ್. ಇದನ್ನು ಫೆವಿಕ್ವಿಕ್ಕಿನಿಂದ ಅಂಟಿಸಬೇಡಿ: ಆ ಅಂಟಿನ ಆವಿ ಲೆನ್ಸಿನ ಮೇಲೆ ಬಿಳಿ ಮಸುಕಾಗಿ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ.

ಸಿಲಿಕೋನ್ ಕೊಳ್ಳುವಾಗಲೂ ಹುಷಾರು. ಹುಳಿ ವಾಸನೆ, ಅಂದರೆ ವಿನೆಗರ್ ವಾಸನೆ ಬರುವ ಬಗೆ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೇಳಿ. ಮುಂದಿನ ಅಕ್ರಿಲಿಕ್ ಅಂಟಿಸಿ, ಹಿಂದಿನ ಬಾಯಿ ತೆರೆದಿಟ್ಟು ಒಂದು ದಿನ ಬಿಟ್ಟ ಮೇಲಷ್ಟೇ ಹಿಂದೆ ತಗಡು ಮುಚ್ಚಬೇಕು. ಈ ಮುಚ್ಚುವ ಕೆಲಸ ಬೇಸಿಗೆಯ ಒಣ ಮಧ್ಯಾಹ್ನದಲ್ಲಿ ಆಗಬೇಕು. ಜಿಟಿಜಿಟಿ ಮಳೆಯ ದಿನ ಮುಚ್ಚಿದರೆ ಒದ್ದೆ ಗಾಳಿಯನ್ನೇ ಒಳಗೆ ಕೂಡಿಹಾಕಿದಂತೆ, ಮೊದಲ ತಣ್ಣನೆ ರಾತ್ರಿಯೇ ಅಕ್ರಿಲಿಕ್ ಮಬ್ಬಾಗುತ್ತದೆ. ಬಿಸಿ ಮಾಡಿ ಒಣಗಿಸಿದ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಒಳಗೆ ಹಾಕಿ.

ಸ್ವಿಚ್ಚಿಗೆ ತೂತೇ ಬೇಡ. 7135ರ ವಿಡಿಡಿ ಕಾಲು ಎಳೆಯುವುದು ಒಂದು ಮಿಲಿಆಂಪಿಗಿಂತ ಎಷ್ಟೋ ಕಡಿಮೆ. ಆ ಕಾಲಿಗೆ ಪ್ಲಸ್ ಕೊಡುವ ತಂತಿಯ ನಡುವೆ ಒಂದು ರೀಡ್ ಸ್ವಿಚ್ಚು (ಆಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ, ಗಾಜಿನ ಕೊಳವೆಯೊಳಗಿನ ಸ್ವಿಚ್ಚು) ಹಾಕಿದರೆ ಇಡೀ ದೀಪ ಅದರ ಮಾತು ಕೇಳುತ್ತದೆ. 700 ಮಿಲಿಆಂಪ್ ಪೂರ್ತಿ ರೀಡಿನ ಮೂಲಕ ಹರಿಸಲು ಹೋದರೆ ಅದರ ತುದಿಗಳು ಸುಟ್ಟು ಅಂಟಿಕೊಳ್ಳುತ್ತವೆ, ಆದ್ದರಿಂದ ಕಾಲಿಗೆ ಮಾತ್ರ. ವಿಡಿಡಿಯಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಆಫ್ ಮಾಡಿದರೂ ದೀಪ ಮಿಣಮಿಣ ಎನ್ನಬಹುದು. ರೀಡನ್ನು ಕೊಳವೆಯ ಪಕ್ಕದ ಗೋಡೆಗೆ ಒಳಗಿನಿಂದ ಅಂಟಿಸಿ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಡ್ಡ ಬರುವುದಿಲ್ಲ, ಕಬ್ಬಿಣದ ಕೊಳವೆಯಾದರೆ ಈ ಉಪಾಯ ನಡೆಯದು. ಹೊರಗೆ ಹಳೇ ಟ್ಯೂಬಿನ ಪಟ್ಟಿಯ ಉಂಗುರ, ಅದರ ಮಡಿಕೆಯಲ್ಲಿ ಚಿಕ್ಕ ಆಯಸ್ಕಾಂತ. ಮುಂದಕ್ಕೆ ಸರಿಸಿದರೆ ಆನ್, ಹಿಂದಕ್ಕೆ ಎಳೆದರೆ ಆಫ್. ರೀಡಿನ ಕಾಲು ಬಗ್ಗಿಸುವಾಗ ಗಾಜಿನ ಬುಡದ ಹತ್ತಿರ ಕಾಲನ್ನೇ ಇಕ್ಕಳದಲ್ಲಿ ಹಿಡಿದು ಅದರಾಚೆ ಬಗ್ಗಿಸಿ, ಇಲ್ಲವಾದರೆ ಗಾಜು ಕಣ್ಣಿಗೆ ಕಾಣದಂತೆ ಸೀಳುತ್ತದೆ.

ಉಳಿಯುವುದು, ಹೊರಗೆ ಬೇರೆ ಪೈಪಿನಲ್ಲಿರುವ ಸೆಲ್ಲಿನಿಂದ ಬರುವ ತಂತಿಯ ತೂತು. ಇಲ್ಲಿ ಮಳೆಯ ಒಂದು ಕಳ್ಳದಾರಿ ಇದೆ. ಸುತ್ತಲೂ ಸಿಲಿಕೋನ್ ಮೆತ್ತಿದರೂ ನೀರು ತಂತಿಯ ಒಳಗಿನಿಂದಲೇ, ಎಳೆ ಎಳೆಗಳ ನಡುವೆ, ಬತ್ತಿ ಎಣ್ಣೆ ಹೀರಿದಂತೆ ಒಳಬರುತ್ತದೆ. ತೂತು ದಾಟುವ ಜಾಗದಲ್ಲಿ ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ ಸುಲಿದು, ಎಳೆಗಳ ನಡುವೆ ತವರ ಪೂರ್ತಿ ತುಂಬಿಸಿ, ತಂತಿಗಳು ಒಂದಕ್ಕೊಂದು ಮತ್ತು ಲೋಹಕ್ಕೆ ತಾಗದಂತೆ ಬಿಡಿಸಿ ಎಪಾಕ್ಸಿಯಲ್ಲಿ ಮುಳುಗಿಸಬೇಕು. ತಂತಿ ಪೆಟ್ಟಿಗೆಯಿಂದ ಕೆಳಕ್ಕೆ ಇಳಿದು, ಜೋಲಿ ಬಿದ್ದು, ಮತ್ತೆ ಮೇಲೇರಬೇಕು. ಹನಿ ಜೋಲಿಯ ತುದಿಯಲ್ಲೇ ಉದುರುತ್ತದೆ.

ಸೋರಿಕೆ ನೋಡುವುದು ಪಂಕ್ಚರ್ ನೋಡುವಂತೆಯೇ, ಆದರೆ ಕ್ರಮ ಮುಖ್ಯ. ತಣ್ಣಗಿರುವ ದೀಪವನ್ನು ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ. ಒಳಗಿನ ಗಾಳಿ ಹಿಗ್ಗಿ, ಸಂದಿದ್ದ ಕಡೆ ಗುಳ್ಳೆ ಬರುತ್ತದೆ. ಗುರುತು ಹಾಕಿ, ತಣಿಯುವ ಮೊದಲೇ ಹೊರತೆಗೆಯಿರಿ. ಉರಿದು ಬಿಸಿಯಾದ ದೀಪವನ್ನು ತಣ್ಣೀರಿಗೆ ಹಾಕಿದರೆ ಗಾಳಿ ಕುಗ್ಗಿ ನೀರನ್ನು ಒಳಗೆಳೆಯುತ್ತದೆ. ರಸ್ತೆಯಲ್ಲಿ ಮಳೆ ಹೊಡೆದಾಗ ಆಗುವುದೂ ಇದೇ.

ಸೆಲ್ಲಿಗೆ ಬೇರೆ ಮನೆ. ತೋಟದ ಸ್ಪ್ರಿಂಕ್ಲರಿಗೆ ಹಾಕಿ ಉಳಿದ 40 ಮಿಲಿಮೀಟರ್ ಪಿವಿಸಿ ಪೈಪು 12 ಸೆಂಟಿಮೀಟರ್, ಎರಡು ಕ್ಯಾಪು. ಮೇಲಿನ ಕ್ಯಾಪಿಗೆ ಸಾಲ್ವೆಂಟ್ ಅಂಟು, ಕೆಳಗಿನದಕ್ಕೆ ಬರೀ ಗ್ರೀಸು, ಅದು ಕಳಚುವ ಬಾಗಿಲು. ದೀಪದಂತೆ ಇದನ್ನು ಪೂರ್ತಿ ಬಂದೋಬಸ್ತು ಮಾಡಲು ಹೋಗುವುದಿಲ್ಲ; ದಿನಾ ತೆಗೆಯುವ ಮುಚ್ಚಳ ಎಂದಾದರೂ ಸೋರಿಯೇ ಸೋರುತ್ತದೆ. ಕೆಳಗಿನ ಕ್ಯಾಪಿಗೆ 2 ಮಿಲಿಮೀಟರ್ ತೂತು ಕೊಟ್ಟು, ಬಂದ ನೀರು ಹೋಗಲಿ ಎಂದು ಬಿಡುತ್ತೇನೆ. ಒಳಗೆ ಸೆಲ್ ಹೋಲ್ಡರ್, ಅದರ ಬೆನ್ನಿಗೆ ರಕ್ಷಣೆ ಇರುವ ಟಿಪಿ4056 ಚಾರ್ಜರ್ ಬೋರ್ಡು, ಬೋರ್ಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟು, ಯುಎಸ್‌ಬಿ ಬಾಯಿ ಬಿಟ್ಟು. ಸೆಲ್ಲು ಬಿ ಗುರುತಿನ ತುದಿಗಳಿಗೆ, ದೀಪ ಔಟ್ ಗುರುತಿನ ತುದಿಗಳಿಗೆ. ದೀಪವನ್ನೂ ಬಿ ತುದಿಗೆ ಕೊಟ್ಟರೆ ಉರಿಯುತ್ತದೆ ನಿಜ, ಆದರೆ ಸೆಲ್ಲು ಪೂರ್ತಿ ಬರಿದಾಗದಂತೆ ಕಾಯುವ ಭಾಗವನ್ನೇ ದಾಟಿಹೋದಂತೆ. ಸೆಲ್ಲನ್ನು ಪ್ಲಸ್-ಮೈನಸ್ ತಿರುವುಮುರುವಾಗಿ ಹಾಕಿದರೆ ಬೋರ್ಡು ಅಲ್ಲೇ ಮುಗಿಯಿತು.

ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಸೆಲ್ಲು ಬಿಚ್ಚುವವರು 2 ವೋಲ್ಟಿಗಿಂತ ಕೆಳಗೆ ಇಳಿದದ್ದನ್ನು ಬದುಕಿಸಲು ಹೋಗಬೇಡಿ. ಉಳಿದದ್ದನ್ನು 4.2ಕ್ಕೆ ತುಂಬಿಸಿ ಒಂದು ವಾರ ಸುಮ್ಮನೆ ಇಡಿ, 4.1ಕ್ಕಿಂತ ಕೆಳಗೆ ಬಂದದ್ದು, ಚಾರ್ಜಿನಲ್ಲಿ ಕೈಗೆ ಬಿಸಿ ತಾಗಿದ್ದು, ಎರಡೂ ಬೇಡ. ಇಂಥ ಮುದಿ ಸೆಲ್ಲಿಗೆ 1 ಆಂಪ್ ಚಾರ್ಜು ಜಾಸ್ತಿ. ಬೋರ್ಡಿನ 1.2 ಕಿಲೋ ಓಮ್ ರೆಸಿಸ್ಟರ್ ತೆಗೆದು 2 ಕಿಲೋ ಓಮ್ ಹಾಕಿದರೆ 580 ಮಿಲಿಆಂಪಿಗೆ ಇಳಿಯುತ್ತದೆ. ದೀಪ ಉರಿಸುತ್ತ ಚಾರ್ಜಿಗೆ ಇಡಬೇಡಿ, ಸೆಲ್ಲು ತುಂಬಿದ್ದು ಬೋರ್ಡಿಗೆ ತಿಳಿಯುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ದೀಪ ಕಣ್ಣು ಮಿಟುಕಿಸಿದರೆ ಹೆಚ್ಚಿನ ಸಲ ತಪ್ಪು ಹೋಲ್ಡರಿನ ಸ್ಪ್ರಿಂಗಿನದು: ಸೆಲ್ಲು ಅಲುಗದಂತೆ ಫೋಮ್ ತುರುಕಿ, ಸ್ಪ್ರಿಂಗಿನ ತಲೆಗೂ ಬುಡಕ್ಕೂ ಮೆತ್ತನೆಯ ತಂತಿ ಬೆಸೆಯಿರಿ.

ದೀಪ ಎಲ್ಲಿ ಕೂರಬೇಕು ಎನ್ನುವುದಕ್ಕೆ ಆಗುಂಬೆಯ ಮಂಜೇ ಪಾಠ. ಹ್ಯಾಂಡಲ್ ಮೇಲೆ, ಅದಕ್ಕಿಂತ ಕೆಟ್ಟದಾಗಿ ಹೆಲ್ಮೆಟ್ಟಿನ ಮೇಲೆ ಕಟ್ಟಿದ ಬೆಳಕು ಮಂಜಿನ ಹನಿಗಳಿಗೆ ತಾಗಿ ನೇರ ಕಣ್ಣಿಗೇ ವಾಪಸು ಬರುತ್ತದೆ. ಮುಂದೆ ಬಿಳಿ ಗೋಡೆ ಎದ್ದಂತೆ. ಬೆಳಕು ಕಣ್ಣಿನಿಂದ ದೂರ, ಕೆಳಗಿರಬೇಕು. ಮುಂದಿನ ಫೋರ್ಕಿನ ತಲೆಯಲ್ಲಿರುವ ತೂತಿಗೆ ಅಲ್ಯೂಮಿನಿಯಂ ಪಟ್ಟಿ ಬಿಗಿದು ಅಲ್ಲಿ ಕೂರಿಸುವುದು ಉತ್ತಮ. ಟಾರಿನ ಮೇಲೂ ಇದರಿಂದ ಲಾಭವಿದೆ: ಒದ್ದೆ ರಸ್ತೆ ಬೆಳಕನ್ನು ಮುಂದಕ್ಕೆ ಜಾರಿಸಿಬಿಡುತ್ತದೆ, ನೀರು ತುಂಬಿದ ಗುಂಡಿಯೂ ರಸ್ತೆಯೂ ಒಂದೇ ಬಣ್ಣ. ಕೆಳಗಿನಿಂದ ಬಿದ್ದ ಬೆಳಕಿಗೆ ಗುಂಡಿಯ ಅಂಚು ನೆರಳು ಬಿಡುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಎಲ್ಲ ಬಣ್ಣವನ್ನೂ ಸುಮಾರು ಒಂದೇ ಬಗೆಯಲ್ಲಿ ಚದುರಿಸುತ್ತದೆ. ಆದರೂ 6500 ಕೆಲ್ವಿನ್ನಿನ ನೀಲಿಬಿಳಿಗಿಂತ 4000ದ್ದು ಕಣ್ಣಿಗೆ ಹಿತ ಎಂದು ನಾನು ಅದನ್ನೇ ಹಾಕುತ್ತೇನೆ.

ಗುರಿ ಹಿಡಿಯಲು ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ. ಬೆಳಕಿನ ನಡುಭಾಗ ದೀಪದ ಎತ್ತರದ ಅರ್ಧಕ್ಕೆ ಬಿದ್ದರೆ ರಸ್ತೆಯಲ್ಲಿ ಅದು 10 ಮೀಟರ್ ಮುಂದೆ ಬೀಳುತ್ತದೆ. ಬೋಲ್ಟಿಗೆ ಅಲುಗಾಟಕ್ಕೆ ಸಡಿಲಾಗದ ನೈಲಾಕ್ ನಟ್ಟು, ನಡುವೆ ಟ್ಯೂಬಿನ ಚೂರು.

ಹಿಂದಿನ ಕೆಂಪು ದೀಪ ಅರ್ಧ ಗಂಟೆಯ ಕೆಲಸ. 5 ಮಿಲಿಮೀಟರ್ ಕೆಂಪು ಎಲ್‌ಇಡಿ ನಾಲ್ಕು, ಒಂದೊಂದಕ್ಕೂ ಅದರದೇ 100 ಓಮ್. ನಾಲ್ಕಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿದರೆ ಒಂದು ಕುಡಿದು ಉಳಿದವು ಒಣಗುತ್ತವೆ. ಎಲ್ಲ ಸೇರಿ 90 ಮಿಲಿಆಂಪ್ ದಾಟದು, ಅದೇ ರೀಡಿನಿಂದ ಕೊಡಬಹುದು. ಮಿನುಗಿಸಲು 555 ಐಸಿ ಹಾಕುವವರಿಗೆ ಒಂದು ಮಾತು: ಮಾಮೂಲಿ 555ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಈ ಸೆಲ್ಲಿನಲ್ಲಿ ನೆಚ್ಚಲಾಗದು. ಕಡಿಮೆ ವೋಲ್ಟಿಗೂ ನಡೆಯುವ ಸಿಮಾಸ್ (CMOS) ಬಗೆಯ 7555 ತನ್ನಿ.

ಮಳೆಗಾಲದಲ್ಲಿ ನಮ್ಮ ಕಡೆ ಒದ್ದೆಯಾದದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ದೀಪವನ್ನು ಬೇಕಾದರೆ ಅಲ್ಲಿಡಿ, ಸೆಲ್ಲಿನ ಪೈಪನ್ನು ಮಾತ್ರ ಬಚ್ಚಲೊಲೆಯ ಹತ್ತಿರವೂ ಸುಳಿಯಗೊಡಬೇಡಿ. ಕ್ಯಾಪು ಕಳಚಿ, ಸೆಲ್ಲು ಹೊರತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಜಗಲಿಯ ಗಾಳಿಗೆ ಇಟ್ಟರೆ ಬೆಳಗಾಗುವುದರೊಳಗೆ ಆರಿರುತ್ತದೆ.